ಮನೆಯಿಂದಲೇ ವಿದೇಶಿ ಕಂಪನಿಗೆ ಕೆಲಸ: ಯಾವ ದಾರಿ ಯಾರಿಗೆ ತಕ್ಕದ್ದು?

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದ ತರುಣರು, ಗದಗಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿರುವ ಬಿ.ಕಾಂ. ಪದವೀಧರರು, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಸಿಗುವ ನಾಲ್ಕೈದು ಗಂಟೆಗಳಲ್ಲಿ ಏನಾದರೂ ದುಡಿಯಬೇಕೆಂದಿರುವ ರಾಣೆಬೆನ್ನೂರಿನ ಗೃಹಿಣಿಯರು, ಇವರೆಲ್ಲರೂ ಈಚೆಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿದೆ. ಊರು ಬಿಡದೆ ಹೊರದೇಶದ ಕಂಪನಿಗೆ ದುಡಿಯಲು ಬಿಡಿ ಕೆಲಸಗಳು ಸಿಗುವ ಫ್ರೀಲಾನ್ಸ್ ವೇದಿಕೆಯಿದೆ, ನೇರ ಒಪ್ಪಂದವಿದೆ, ಭಾರತದಲ್ಲೇ ಸಂಬಳ ಕೊಡುವ ಮಧ್ಯವರ್ತಿ ಸಂಸ್ಥೆಗಳಿವೆ, ವಿದೇಶಿ ಗಿರಾಕಿಗಳಿರುವ ಸ್ಥಳೀಯ ಕಂಪನಿಗಳಿವೆ. ಇವುಗಳ ಜೊತೆಗೆ ವಾಟ್ಸಾಪ್‌ನಲ್ಲಿ ದಿನವೂ ಬಂದು ಬೀಳುವ ‘ಆಫರ್’ಗಳೂ ಇವೆ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು?

ಕಂಪನಿಯ ಹೆಸರು ದೊಡ್ಡದಿದೆಯೇ, ಮಾತನಾಡಿದವರು ಸಭ್ಯರಾಗಿದ್ದರೇ ಎಂಬುದನ್ನು ನೋಡಿ ನಂಬುವವರೇ ಹೆಚ್ಚು. ಆದರೆ ದೊಡ್ಡ ಹೆಸರನ್ನು ಯಾರು ಬೇಕಾದರೂ ಹೇಳಿಕೊಳ್ಳಬಹುದು, ಸಭ್ಯತೆಯೇ ವಂಚಕನ ಬಂಡವಾಳ. ಆದ್ದರಿಂದ ನಾನು ಪ್ರತಿಯೊಂದು ದಾರಿಯನ್ನೂ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಮೊದಲ ಸಂಬಳ ನಮ್ಮ ಬ್ಯಾಂಕ್ ಖಾತೆಗೆ ಬರುವ ಹೊತ್ತಿಗೆ ನಾವು ಎಷ್ಟು ಹಣ, ಎಷ್ಟು ದುಡಿಮೆ, ಯಾವ ಯಾವ ದಾಖಲೆಗಳನ್ನು ಕೊಟ್ಟಿರುತ್ತೇವೆ? ಆ ಮೊತ್ತ ಸಣ್ಣದಾಗಿರುವ ದಾರಿಯಲ್ಲಿ ಎದುರಿನವರು ಮೋಸಗಾರರೇ ಆಗಿದ್ದರೂ ನಾವು ಎದ್ದು ನಡೆಯಬಹುದು. ಅದು ದೊಡ್ಡದಾಗಿರುವ ದಾರಿಯಲ್ಲಿ ಎದುರಿನವರು ಪ್ರಾಮಾಣಿಕರಾಗಿದ್ದು ಕಂಪನಿ ಮುಳುಗಿದರೂ ಸಾಕು, ನಾವು ಕುಸಿಯುತ್ತೇವೆ.

ಹೋಲಿಸುವ ಮುನ್ನ ನೋಡಬೇಕಾದ ಅಂಶಗಳು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು. ಕೆಲಸ ಕೊಡುವವರು ಕೊಡಬೇಕು, ಮಾಡುವವರು ಪಡೆಯಬೇಕು. ಇದು ತಿರುಗಿದಲ್ಲಿ ಉಳಿದ ಪರೀಕ್ಷೆಗಳ ಅಗತ್ಯವೇ ಇಲ್ಲ. ಆಮೇಲೆ, ಕೆಲಸ ಮುಗಿದದ್ದಕ್ಕೂ ಹಣ ಬರುವುದಕ್ಕೂ ನಡುವೆ ಎಷ್ಟು ದಿನಗಳ ಅಂತರವಿದೆ, ಆ ದಿನಗಳಲ್ಲಿ ಹಣ ಯಾರ ವಶದಲ್ಲಿರುತ್ತದೆ ಎಂದು ಕೇಳಿಕೊಳ್ಳಬೇಕು. ಎದುರಿನವರನ್ನು ಅವರೇ ಕೊಟ್ಟ ನಂಬರು, ಲಿಂಕು, ಇಮೇಲ್‌ಗಳನ್ನು ಬಿಟ್ಟು ನಾವೇ ಹುಡುಕಿಕೊಂಡ ದಾರಿಯಿಂದ ತಲುಪಲು ಸಾಧ್ಯವೇ ಎಂಬುದು ಮುಂದಿನದು. ಗುರುತಿನ ಪರಿಶೀಲನೆಯ ತಿರುಳೇ ಇದು.

ಇನ್ನುಳಿದವು ಬದುಕಿಗೆ ಸಂಬಂಧಿಸಿದವು. ಹಣ ಬಾರದೆ ಹೋದರೆ ನಮ್ಮ ಕೈಗೆಟಕುವ ಕಾನೂನಿನಲ್ಲಿ ಕೇಳಬಹುದೇ? ಮುಂದೆ ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ತೋರಿಸಲು ವರಮಾನದ ಕಾಗದಪತ್ರ ಇರುತ್ತದೆಯೇ? ಎಷ್ಟು ಹೊತ್ತಿನವರೆಗೆ ಎಚ್ಚರವಿರಬೇಕು? ನ್ಯೂಯಾರ್ಕ್‌ನ ಬೆಳಗಿನ 9ರಿಂದ ಸಂಜೆ 5ರವರೆಗಿನ ಕೆಲಸವೆಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6.30ರಿಂದ ರಾತ್ರಿ 2.30, ಅಲ್ಲಿನ ಚಳಿಗಾಲದಲ್ಲಿ ಅದು ಇನ್ನೂ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಲಂಡನ್‌ನ ಅದೇ ಕೆಲಸ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1.30ರಿಂದ ರಾತ್ರಿ 9.30ರವರೆಗೆ. ಕೂಡುಕುಟುಂಬದ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇತರರು ಮಲಗಿರುವಾಗ ಕ್ಯಾಮೆರಾ ಮುಂದೆ ಕೂತು ಮಾತನಾಡಬೇಕಾದವರು ಈ ಅಂಶವನ್ನು ಸಂಬಳದಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಆಯ್ಕೆಯೇ ಅಲ್ಲದ ದಾರಿ

ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ, ದಾಖಲೆ ಪರಿಶೀಲನೆಯ ಶುಲ್ಕ, ಹೆಸರು ಯಾವುದಿದ್ದರೂ ಕೆಲಸ ಕೊಡುವೆನೆಂದು ಹಣ ಕೇಳುವವರನ್ನು ಹೋಲಿಕೆಯ ಪಟ್ಟಿಯಿಂದಲೇ ಹೊರಗಿಡಬೇಕು. ಆದರೆ ನಮ್ಮ ಭಾಗದಲ್ಲಿ ಹೆಚ್ಚಿನವರು ಸಿಲುಕುವುದು ಇಷ್ಟು ನೇರವಾಗಿ ಹಣ ಕೇಳುವ ಬಲೆಗಳಲ್ಲಿ ಅಲ್ಲವಾದ್ದರಿಂದ ಎರಡನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ.

ಒಂದು ಟೆಲಿಗ್ರಾಮ್‌ನ ‘ಟಾಸ್ಕ್’ ಕೆಲಸ. ವಿಡಿಯೊಗೆ ಲೈಕ್ ಕೊಡುವುದು, ಹೋಟೆಲಿಗೆ ರೇಟಿಂಗ್ ಹಾಕುವುದು ಮುಂತಾದ ಕೆಲಸಕ್ಕೆ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ಆ ಹಣವೇ ಗಾಳ. ನಂತರ ‘ಪ್ರೀಪೇಡ್ ಟಾಸ್ಕ್’ ಎಂದು ಸಾವಿರ ಹಾಕಿದರೆ ಹದಿಮೂರು ನೂರು ಮರಳಿ ಕೊಡುತ್ತಾರೆ. ಮುಂದೆ ಮೊತ್ತ ಏರುತ್ತಾ ಹೋಗಿ, ಪರದೆಯ ಮೇಲೆ ಲಕ್ಷಗಳ ಲಾಭ ಕಾಣಿಸಿ, ಅದನ್ನು ತೆಗೆಯಲು ‘ತೆರಿಗೆ’ ಕಟ್ಟಿ ಎನ್ನುವಲ್ಲಿಗೆ ಆಟ ಮುಗಿಯುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ-ಹುಡುಗಿಯರ ಬಗ್ಗೆ ನನಗೆ ಹೆಚ್ಚು ಆತಂಕವಿರುವುದು ಇಲ್ಲಿಯೇ. ಹೊಲದ ಆದಾಯದಲ್ಲಿ ಮನೆಯವರು ಕಳಿಸಿದ ಹಣ ಅವರ ಖಾತೆಯಲ್ಲಿರುತ್ತದೆ. ಮನೆಗೆ ಭಾರವಾಗಬಾರದೆಂಬ ಒಳ್ಳೆಯ ಉದ್ದೇಶವೇ ಅವರನ್ನು ಈ ಗುಂಪುಗಳಿಗೆ ಎಳೆದೊಯ್ಯುತ್ತದೆ.

ಇನ್ನೊಂದು ಡೇಟಾ ಎಂಟ್ರಿ. ಇಲ್ಲಿ ಆರಂಭದಲ್ಲಿ ಯಾರೂ ಹಣ ಕೇಳುವುದಿಲ್ಲ. ಒಂದು ಕರಾರುಪತ್ರಕ್ಕೆ ಆನ್‌ಲೈನ್ ಸಹಿ ಹಾಕಿಸಿಕೊಂಡು, ಐದಾರು ದಿನಗಳಲ್ಲಿ ನೂರಾರು ಪುಟ ಟೈಪ್ ಮಾಡಿಸಿ, ಕೊನೆಗೆ ತಪ್ಪುಗಳು ಮಿತಿ ಮೀರಿವೆ, ಕರಾರು ಮುರಿದಿದ್ದೀರಿ, ಪರಿಹಾರ ಕಟ್ಟದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು ‘ವಕೀಲ’ರ ಲೆಟರ್‌ಹೆಡ್‌ನಲ್ಲಿ ನೋಟಿಸು ಕಳಿಸುತ್ತಾರೆ. ಮನೆಯವರಿಗೆ ತಿಳಿದರೆ ಮರ್ಯಾದೆ ಹೋಗುತ್ತದೆಂದು ಹೆದರಿ ಹಣ ಕಟ್ಟಿದವರಿಗೆ ಮತ್ತೊಂದು ನೋಟಿಸು ಬರುತ್ತದೆ. ಇಂಥ ಕಾಗದ ಬಂದವರು ತಿಳಿಯಬೇಕಾದದ್ದು ಇಷ್ಟು: ವಕೀಲರ ನೋಟಿಸು ನ್ಯಾಯಾಲಯದ ಆದೇಶವಲ್ಲ, ಮತ್ತು ಯಾವ ನ್ಯಾಯಾಲಯವೂ ಖಾಸಗಿ ವ್ಯಕ್ತಿಯ ಯುಪಿಐ ನಂಬರಿಗೆ ಹಣ ಹಾಕಿ ಪ್ರಕರಣ ಮುಗಿಸಿಕೊಳ್ಳಿ ಎನ್ನುವುದಿಲ್ಲ. ಆ ಕಾಗದವನ್ನು ಮನೆಯವರಿಗೆ ತೋರಿಸಿ, ಪೊಲೀಸರಿಗೂ ತೋರಿಸಿ.

ಹಣ ಈಗಾಗಲೇ ಹೋಗಿದ್ದರೆ ಒಂದು ಗಂಟೆಯನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಹಣ ಇನ್ನೂ ವಂಚಕನ ಖಾತೆಯಲ್ಲೇ ಇದ್ದರೆ ಅದನ್ನು ತಡೆಹಿಡಿಯಲು ಸಾಧ್ಯ, ಅಲ್ಲಿಂದ ಹತ್ತಾರು ಖಾತೆಗಳಿಗೆ ಹಂಚಿಹೋದ ಮೇಲೆ ಬಹಳ ಕಷ್ಟ. ಹುಬ್ಬಳ್ಳಿ-ಧಾರವಾಡದವರು ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಠಾಣೆಗೂ ಹೋಗಬಹುದು. ವೇಷ ಮರೆಸಿಕೊಂಡು ಕಂಪ್ಯೂಟರ್ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ 3 ವರ್ಷಗಳವರೆಗೆ ಜೈಲುಶಿಕ್ಷೆಯಿದೆ.

ಮನೆಯಿಂದ ಕೆಲಸವೆಂದು ಆರಂಭವಾಗಿ ‘ಒಂದು ತಿಂಗಳ ತರಬೇತಿಗೆ ಬ್ಯಾಂಕಾಕ್‌ಗೆ ಬನ್ನಿ, ಟಿಕೆಟ್ ನಮ್ಮದು’ ಎಂದು ತಿರುಗುವ ಆಫರ್ ಇವೆಲ್ಲಕ್ಕಿಂತ ಅಪಾಯಕಾರಿ. ಥಾಯ್ಲೆಂಡ್‌ನ ಹೆಸರಿನಲ್ಲಿ ಕರೆದು ಮ್ಯಾನ್ಮಾರ್‌ನ ಗಡಿಯೊಳಗೆ ಸಾಗಿಸಿ, ಅಲ್ಲಿ ಬೇರೆಯವರನ್ನು ಆನ್‌ಲೈನ್‌ನಲ್ಲಿ ವಂಚಿಸುವ ಕೆಲಸಕ್ಕೆ ಒತ್ತಾಯದಿಂದ ಹಚ್ಚುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಮರಳಿ ತರಬೇಕಾಯಿತು. ನಿಜವಾಗಿಯೂ ವಿದೇಶಕ್ಕೆ ಹೋಗಿ ದುಡಿಯಬೇಕೆಂದಿರುವವರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟರ ನೋಂದಣಿ ಇದೆಯೇ ಎಂದು ನೋಡಬೇಕು. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ ಪಡೆಯಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ.

ಫ್ರೀಲಾನ್ಸ್ ವೇದಿಕೆಗಳು

ಅಪ್‌ವರ್ಕ್, ಫೈವರ್, ಫ್ರೀಲಾನ್ಸರ್ ಮುಂತಾದ ವೇದಿಕೆಗಳ ಬಲವಿರುವುದು ಹಣ ಮಧ್ಯದಲ್ಲಿ ನಿಲ್ಲುವ ವ್ಯವಸ್ಥೆಯಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ರೈತನಿಗೂ ಖರೀದಿದಾರನಿಗೂ ನಡುವೆ ದಲಾಲರ ಅಂಗಡಿ ನಿಂತು, ಮಾಲಿನ ಹಣಕ್ಕೆ ಹೊಣೆಯಾಗಿ ಅದಕ್ಕೆ ತಕ್ಕ ದಲಾಲಿ ತೆಗೆದುಕೊಳ್ಳುವಂತೆ, ಇಲ್ಲಿ ವೇದಿಕೆ ನಿಂತಿರುತ್ತದೆ. ಅಪ್‌ವರ್ಕ್‌ನ ನಿಗದಿತ ಬೆಲೆಯ ಕೆಲಸಗಳಲ್ಲಿ ಕ್ಲೈಂಟ್ ಆ ಹಂತದ ಹಣವನ್ನು ಮೊದಲೇ ವೇದಿಕೆಯಲ್ಲಿ ಇಡಬೇಕು. ನಾವು ಕೆಲಸ ಒಪ್ಪಿಸಿದ ಮೇಲೆ ಅವರು 14 ದಿನ ಸುಮ್ಮನಿದ್ದರೆ ಹಣ ತಾನಾಗಿಯೇ ಬಿಡುಗಡೆಯಾಗುತ್ತದೆ. ಗಂಟೆ ಲೆಕ್ಕದ ಕೆಲಸದಲ್ಲಿ ವೇದಿಕೆಯ ತಂತ್ರಾಂಶ ನಮ್ಮ ಪರದೆಯ ಚಿತ್ರಗಳನ್ನು ಆಗಾಗ ತೆಗೆದು ದಾಖಲಿಸುತ್ತದೆ. ಇದು ಕಿರಿಕಿರಿಯೆನಿಸಿದರೂ ಹಣದ ರಕ್ಷಣೆ ನಿಂತಿರುವುದು ಅದೇ ದಾಖಲೆಯ ಮೇಲೆ.

ಇದಕ್ಕೆ ತೆರುವ ಬೆಲೆಯೂ ಇದೆ. ಫೈವರ್ ನಮ್ಮ ಗಳಿಕೆಯಿಂದ ಶೇ. 20ರಷ್ಟು ತೆಗೆದುಕೊಳ್ಳುತ್ತದೆ. ಅಪ್‌ವರ್ಕ್ 2025ರ ಮೇ ತಿಂಗಳಿಂದ ಹೊಸ ಒಪ್ಪಂದಗಳಿಗೆ ಸೊನ್ನೆಯಿಂದ ಶೇ. 15ರವರೆಗೆ ಬದಲಾಗುವ ಶುಲ್ಕವನ್ನು ತಂದಿದೆ. ಅಲ್ಲಿ ಅರ್ಜಿ ಹಾಕಲೂ ‘ಕನೆಕ್ಟ್’ ಎಂಬ ಟೋಕನ್‌ಗಳನ್ನು ಕೊಳ್ಳಬೇಕು, ಒಂದಕ್ಕೆ 15 ಸೆಂಟ್. ಹಣ ಕೇಳುವವರನ್ನು ಹೊರಗಿಡಿ ಎಂದು ಮೇಲೆ ಹೇಳಿದ ಮಾತಿಗೆ ಇದು ವಿರುದ್ಧವಲ್ಲವೇ ಎಂದು ಓದುಗರಿಗೆ ಅನ್ನಿಸುವುದು ಸಹಜ. ಆದರೆ ಈ ಹಣ ಹೋಗುವುದು ಬಹಿರಂಗವಾಗಿ ಬೆಲೆ ಪ್ರಕಟಿಸಿರುವ ವೇದಿಕೆಗೆ, ಕೆಲಸ ಕೊಡುವವರಿಗಲ್ಲ. ಮೊತ್ತವೂ ನಮ್ಮ ಹಿಡಿತದಲ್ಲಿರುತ್ತದೆ. ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕಿಕೊಂಡು, ಕ್ಲೈಂಟಿನ ಪಾವತಿ ವಿಧಾನ ಪರಿಶೀಲಿತವಾಗಿದೆಯೇ, ಹಿಂದೆ ಎಷ್ಟು ಜನರನ್ನು ನೇಮಿಸಿ ಎಷ್ಟು ಖರ್ಚು ಮಾಡಿದ್ದಾರೆ ಎಂದು ನೋಡಿ ಆರಿಸಿದ ಕೆಲವೇ ಕೆಲಸಗಳಿಗೆ ಅರ್ಜಿ ಹಾಕುವುದು ಉತ್ತಮ. ಆರಂಭದ ತಿಂಗಳುಗಳಲ್ಲಿ ಗಳಿಕೆ ಬಹಳ ಕಡಿಮೆ ಇರುತ್ತದೆ, ಕೆಲವರಿಗೆ ಏನೂ ಸಿಗುವುದಿಲ್ಲ. ಇದನ್ನೇ ನಂಬಿ ಇರುವ ನೌಕರಿ ಬಿಡುವಂತಿಲ್ಲ.

ವೇದಿಕೆಗಳಲ್ಲೂ ವಂಚಕರಿದ್ದಾರೆ, ಮತ್ತು ಅವರೆಲ್ಲರ ಮೊದಲ ಹೆಜ್ಜೆ ಒಂದೇ: ಮಾತನ್ನು ವಾಟ್ಸಾಪ್‌ಗೋ ಟೆಲಿಗ್ರಾಮ್‌ಗೋ ಒಯ್ಯುವುದು. ಕಮಿಷನ್ ಉಳಿಯುತ್ತದೆ, ಹೊರಗೆ ನೇರವಾಗಿ ಕೊಡುತ್ತೇನೆ ಎಂಬ ಮಾತಿಗೆ ಒಪ್ಪಿದ ಕ್ಷಣದಲ್ಲೇ ಮಧ್ಯದಲ್ಲಿದ್ದ ರಕ್ಷಣೆ ಹೋಗುತ್ತದೆ. ವೇದಿಕೆಯ ನಿಯಮವನ್ನೂ ಮುರಿದಂತಾಗುವುದರಿಂದ ಖಾತೆಯೇ ಮುಚ್ಚಿಹೋಗಬಹುದು. ನಿಮ್ಮ ಖಾತೆಯನ್ನು ನಮಗೆ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಎನ್ನುವವರೂ ಬರುತ್ತಾರೆ. ಅವರು ಯಾರು, ಯಾಕೆ ಕೇಳುತ್ತಾರೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಂಪನಿಯೊಂದಿಗೆ ನೇರ ಒಪ್ಪಂದ

ಹಣ ಹೆಚ್ಚು ಸಿಗುವುದೂ, ಹೆಚ್ಚು ಎಚ್ಚರ ಬೇಕಾಗುವುದೂ ಈ ದಾರಿಯಲ್ಲಿ. ವಿದೇಶದ ಕಂಪನಿಯೊಂದು ನಮ್ಮನ್ನು ‘ಕಾಂಟ್ರಾಕ್ಟರ್’ ಎಂದು ಇಟ್ಟುಕೊಳ್ಳುತ್ತದೆ, ನಾವು ತಿಂಗಳಿಗೊಮ್ಮೆ ಇನ್‌ವಾಯ್ಸ್ ಕಳಿಸುತ್ತೇವೆ, ಅವರು ಡಾಲರಿನಲ್ಲೋ ಪೌಂಡಿನಲ್ಲೋ ಹಣ ಕಳಿಸುತ್ತಾರೆ. ಕಮಿಷನ್ ಇಲ್ಲ, ಮಧ್ಯದಲ್ಲಿ ನಿಲ್ಲುವವರೂ ಇಲ್ಲ.

ಇಲ್ಲಿ ಮೊದಲು ಬೇಕಾದದ್ದು ಗುರುತಿನ ಪರಿಶೀಲನೆ. ಕಂಪನಿಯನ್ನು ಆಯಾ ದೇಶದ ಅಧಿಕೃತ ನೋಂದಣಿ ತಾಣದಲ್ಲಿ ಹುಡುಕಬೇಕು: ಬ್ರಿಟನ್ನಿನ ಕಂಪನಿಗಳನ್ನು ಕಂಪನೀಸ್ ಹೌಸ್‌ನಲ್ಲಿ, ಸಿಂಗಪುರದವನ್ನು ಅಕ್ರಾದ ಬಿಜ್‌ಫೈಲ್‌ನಲ್ಲಿ, ಆಸ್ಟ್ರೇಲಿಯಾದವನ್ನು ಎಬಿಎನ್ ಲುಕಪ್‌ನಲ್ಲಿ ಹಣ ಕೊಡದೆ ಹುಡುಕಬಹುದು; ಅಮೆರಿಕದಲ್ಲಿ ನೋಂದಣಿ ಆಯಾ ರಾಜ್ಯದ ಮಟ್ಟದಲ್ಲಿರುವುದರಿಂದ ಡೆಲವೇರ್‌ನ ಕಂಪನಿಯನ್ನು ಡೆಲವೇರ್ ರಾಜ್ಯದ ಜಾಲತಾಣದಲ್ಲೇ ನೋಡಬೇಕು. ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ಕಂಪನಿ ಇದೆ ಎಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ನಮಗೆ ಬರೆದವರು ಆ ಕಂಪನಿಯವರೇ ಎಂಬುದು ಇನ್ನರ್ಧ. ವಂಚಕರು ಸುಳ್ಳು ಕಂಪನಿ ಕಟ್ಟುವುದಕ್ಕಿಂತ ನಿಜವಾದ ಕಂಪನಿಯ ಹೆಸರನ್ನು ಎರವಲು ಪಡೆಯುವುದೇ ಹೆಚ್ಚು, ಏಕೆಂದರೆ ಹಾಗೆ ಮಾಡಿದರೆ ನಾವು ಹುಡುಕಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಅವರು ಕೊಟ್ಟ ಲಿಂಕನ್ನು ಬದಿಗಿಟ್ಟು, ಕಂಪನಿಯ ಜಾಲತಾಣವನ್ನು ನಾವೇ ಹುಡುಕಿ ತೆರೆದು, ಅಲ್ಲಿರುವ ವಿಳಾಸಕ್ಕೆ ‘ಈ ಹೆಸರಿನವರು ಈ ಹುದ್ದೆಗಾಗಿ ನನ್ನನ್ನು ಸಂಪರ್ಕಿಸಿದ್ದಾರೆ, ಇದು ನಿಮ್ಮಿಂದಲೇ ಬಂದದ್ದೇ?’ ಎಂದು ಎರಡು ಸಾಲು ಬರೆಯಬೇಕು. ನನಗೆ ತಿಳಿದ ಪರಿಶೀಲನೆಗಳಲ್ಲೆಲ್ಲ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಡುವುದು ಬೇರೊಂದಿಲ್ಲ. ನಿಜವಾದ ಕಂಪನಿ ಇದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾಗುವವರು, ಇಂದು ಸಂಜೆಯೊಳಗೆ ಸಹಿ ಹಾಕದಿದ್ದರೆ ಹುದ್ದೆ ಬೇರೆಯವರಿಗೆ ಹೋಗುತ್ತದೆ ಎನ್ನುವವರು ತಮ್ಮ ಪರಿಚಯವನ್ನು ತಾವೇ ಕೊಟ್ಟಂತೆ. ಇಮೇಲ್ ಬಂದ ಡೊಮೇನ್ (ವಿಳಾಸದಲ್ಲಿ @ ಗುರುತಿನ ನಂತರದ ಭಾಗ) ಯಾವಾಗ ನೋಂದಣಿಯಾಗಿದೆ ಎಂದೂ ನೋಡಿ. ಇಪ್ಪತ್ತು ವರ್ಷ ಹಳೆಯ ಕಂಪನಿಯ ಹೆಸರಿಗೆ ‘ಕರಿಯರ್ಸ್’ ಎಂದೋ ‘ಎಚ್‌ಆರ್’ ಎಂದೋ ಬಾಲ ಸೇರಿಸಿದ ಡೊಮೇನು ಎರಡು ತಿಂಗಳ ಹಿಂದೆ ಹುಟ್ಟಿದ್ದರೆ ಅಲ್ಲಿಗೆ ಮಾತು ನಿಲ್ಲಿಸಬಹುದು.

ತಂತ್ರಾಂಶ ಬರೆಯುವವರಿಗೆ ಇನ್ನೊಂದು ಅಪಾಯವಿದೆ. ಸಂದರ್ಶನದ ಪರೀಕ್ಷೆಯೆಂದು ಒಂದು ಕೋಡಿನ ಕಟ್ಟು ಕಳಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಿ ದೋಷ ಹುಡುಕಿ ಎನ್ನುತ್ತಾರೆ. ಓಡಿಸಿದೊಡನೆ ಅದರೊಳಗಿನ ಕಳ್ಳ ತಂತ್ರಾಂಶ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಕದಿಯುತ್ತದೆ. ಉತ್ತರ ಕೊರಿಯಾದ ಹ್ಯಾಕರ್‌ಗಳ ಗುಂಪುಗಳು ಹೀಗೆ ಪ್ರೋಗ್ರಾಮರ್‌ಗಳನ್ನು ಗುರಿ ಮಾಡಿರುವುದನ್ನು ಸುರಕ್ಷತಾ ತಜ್ಞರು 2023ರಿಂದ ದಾಖಲಿಸುತ್ತ ಬಂದಿದ್ದಾರೆ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಅಪರಿಚಿತರ ಕೋಡನ್ನು ಓಡಿಸಬಾರದು, ವರ್ಚುವಲ್ ಮಷೀನ್ ಬಳಸಬೇಕು. ಪರೀಕ್ಷೆಯ ಕೆಲಸ ಅರ್ಧ ದಿನವನ್ನು ಮೀರುವಂತಿದ್ದರೆ ಅದಕ್ಕೆ ಹಣ ಕೇಳುವುದರಲ್ಲಿ ಸಂಕೋಚ ಬೇಡ.

ಎರಡನೆಯದು ಕೆಲಸ ಮುಗಿಯುವುದಕ್ಕೂ ಹಣ ಬರುವುದಕ್ಕೂ ನಡುವಿನ ಅಂತರವನ್ನು ಕಿರಿದುಗೊಳಿಸುವುದು. ಒಪ್ಪಂದದಲ್ಲಿ ‘ವಿವಾದಗಳು ಡೆಲವೇರ್ ನ್ಯಾಯಾಲಯದ ವ್ಯಾಪ್ತಿಗೆ’ ಎಂದೋ ‘ಸಿಂಗಪುರದಲ್ಲಿ ಮಧ್ಯಸ್ಥಿಕೆ’ ಎಂದೋ ಬರೆದಿರುತ್ತದೆ. ಒಂದೆರಡು ಲಕ್ಷ ರೂಪಾಯಿ ಬಾಕಿಗಾಗಿ ಹುಬ್ಬಳ್ಳಿಯಿಂದ ಅಲ್ಲಿಗೆ ದಾವೆ ಹೂಡುವುದು ಯಾರಿಗೂ ಗಿಟ್ಟುವುದಿಲ್ಲ. ಹೀಗಾಗಿ ಕಾಗದದ ಮೇಲಿನ ಹಕ್ಕಿಗಿಂತ ಪಾವತಿಯ ಅವಧಿಯೇ ನಮಗೆ ಹೆಚ್ಚಿನ ರಕ್ಷಣೆ. ತಿಂಗಳು ದುಡಿದು ಇನ್‌ವಾಯ್ಸ್ ಕೊಟ್ಟು ಮತ್ತೆ 30 ದಿನ ಕಾಯುವ ಷರತ್ತಿದ್ದರೆ ಎರಡು ತಿಂಗಳ ದುಡಿಮೆಯನ್ನು ಪಣಕ್ಕಿಟ್ಟಂತಾಗುತ್ತದೆ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಪಾವತಿ ಕೇಳಿ, ಹಣ ಬಂದ ಮೇಲೆ ಮುಂದಿನ ಕಂತಿನ ಕೆಲಸ ಆರಂಭಿಸಬಹುದು. ಮೊದಲ ಪಾವತಿ ತಡವಾದರೆ ಕೆಲಸ ನಿಲ್ಲಿಸಿ ಕೇಳಬೇಕು; ಸಂಬಂಧ ಕೆಡುತ್ತದೆಂಬ ಸಂಕೋಚಕ್ಕೆ ನಮ್ಮವರು ತೆರುವ ಬೆಲೆ ದೊಡ್ಡದು.

ಹಣ ಬರುವ ದಾರಿಯೂ ಮುಖ್ಯ. ಬ್ಯಾಂಕ್ ವರ್ಗಾವಣೆ, ಪೇಪಾಲ್, ಪೇಯೋನೀರ್ ಮುಂತಾದವುಗಳ ಮೂಲಕ ಬಂದ ಹಣಕ್ಕೆ ವಿದೇಶದಿಂದ ಬಂದದ್ದೆಂಬ ಪತ್ರ ಸಿಗುತ್ತದೆ. ತೆರಿಗೆಗೂ ಜಿಎಸ್‌ಟಿಗೂ ಅದು ಬೇಕು. ಸಂಬಳವನ್ನು ಕ್ರಿಪ್ಟೊ ನಾಣ್ಯವಾದ ಯುಎಸ್‌ಡಿಟಿಯಲ್ಲಿ ಕೊಡುತ್ತೇವೆ, ಅಲ್ಲೇ ಮಾರಿ ರೂಪಾಯಿ ಮಾಡಿಕೊಳ್ಳಿ ಎನ್ನುವ ಕಂಪನಿಗೆ ನಾನು ಬೇಡವೆಂದೇ ಹೇಳುತ್ತೇನೆ. ಕೊಳ್ಳುವ ಅಪರಿಚಿತನ ಹಣ ಯಾವುದೋ ವಂಚನೆಯದ್ದಾಗಿದ್ದರೆ, ಆ ಪ್ರಕರಣದ ತನಿಖೆಯಲ್ಲಿ ನಮ್ಮ ಖಾತೆಯೂ ಸ್ತಂಭನಗೊಳ್ಳಬಹುದು. ಇನ್ನು, ಬೇರೆಯವರ ಹಣವನ್ನು ನಮ್ಮ ಖಾತೆಗೆ ಹಾಕಿಸಿಕೊಂಡು ಕಮಿಷನ್ ಇಟ್ಟುಕೊಂಡು ಮುಂದೆ ಕಳಿಸುವ ‘ಪೇಮೆಂಟ್ ಪ್ರೊಸೆಸಿಂಗ್’ ಕೆಲಸ ಯಾವ ದೇಶದಿಂದ ಬಂದರೂ ಅಪರಾಧದಲ್ಲಿ ಪಾಲುದಾರರಾಗುವ ಕೆಲಸವೇ.

ಈ ದಾರಿಯಲ್ಲಿ ಪಿಎಫ್ ಇಲ್ಲ, ಸಂಬಳದ ರಜೆಯಿಲ್ಲ, ಟಿಡಿಎಸ್ (ಹಣ ಕೊಡುವವರೇ ಮುಂಚಿತವಾಗಿ ಹಿಡಿಯುವ ತೆರಿಗೆ) ಕಡಿತವಾಗದ ಕಾರಣ ಮುಂಗಡ ತೆರಿಗೆಯನ್ನು ನಾವೇ ಕಟ್ಟಬೇಕು. ಎಂಜಿನಿಯರಿಂಗ್, ಲೆಕ್ಕಪತ್ರ, ತಾಂತ್ರಿಕ ಸಲಹೆ ಮುಂತಾದ ನಿಗದಿತ ವೃತ್ತಿಗಳವರು ಹಣವನ್ನೆಲ್ಲ ಬ್ಯಾಂಕಿನ ಮೂಲಕ ಪಡೆದಿದ್ದರೆ, 75 ಲಕ್ಷ ರೂಪಾಯಿಯವರೆಗಿನ ವರಮಾನದ ಅರ್ಧವನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟುವ ಸೌಲಭ್ಯವಿದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಯ ರಫ್ತಾದ್ದರಿಂದ ನಿಯಮದಂತೆ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಸೊನ್ನೆಯಾಗುತ್ತದೆ. ಆರಂಭದಲ್ಲೇ ಒಮ್ಮೆ ಲೆಕ್ಕ ಪರಿಶೋಧಕರನ್ನು ಕಂಡು ಬರುವುದಕ್ಕೆ ಮಾಡುವ ಖರ್ಚು ವ್ಯರ್ಥವಾಗುವುದಿಲ್ಲ.

ಭಾರತದ ವೇತನಪಟ್ಟಿಯ ಮೂಲಕ

ವಿದೇಶಿ ಕಂಪನಿಗೆ ಭಾರತದಲ್ಲಿ ಶಾಖೆಯಿಲ್ಲದಿದ್ದಾಗ ‘ಎಂಪ್ಲಾಯರ್ ಆಫ್ ರೆಕಾರ್ಡ್’ ಎಂಬ ಮಧ್ಯವರ್ತಿ ಸಂಸ್ಥೆ ಕಾನೂನಿನ ದೃಷ್ಟಿಯಲ್ಲಿ ನಮ್ಮ ಮಾಲೀಕನಾಗಿ ನಿಲ್ಲುತ್ತದೆ. ಡೀಲ್, ರಿಮೋಟ್ ಮುಂತಾದವು ಈ ಕೆಲಸ ಮಾಡುತ್ತವೆ. ಸಂಬಳ ರೂಪಾಯಿಯಲ್ಲಿ ಬರುತ್ತದೆ, ಟಿಡಿಎಸ್ ಮತ್ತು ಪಿಎಫ್ ಕಡಿತವಾಗುತ್ತವೆ, ಸಂಬಳದ ಚೀಟಿ ಸಿಗುತ್ತದೆ, ಭಾರತದ ಕಾರ್ಮಿಕ ಕಾನೂನು ಅನ್ವಯಿಸುತ್ತದೆ. ಮನೆ ಸಾಲ ತೆಗೆಯಬೇಕೆಂದಿರುವವರಿಗೆ, ಮನೆಯಲ್ಲಿ ತಾವೊಬ್ಬರೇ ದುಡಿಯುವವರಾಗಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ಪ್ರತಿ ನೌಕರನಿಗೆ ಕಂಪನಿ ತಿಂಗಳಿಗೆ ನೂರಾರು ಡಾಲರ್ ಸೇವಾಶುಲ್ಕ ತೆರಬೇಕಾದ್ದರಿಂದ ಅನುಭವಸ್ಥರಿಗಷ್ಟೇ ಸಾಮಾನ್ಯವಾಗಿ ಇದು ಸಿಗುತ್ತದೆ. ಹೊಸ ಪದವೀಧರರು ಇದಕ್ಕಾಗಿ ಕಾದು ಕೂರುವುದರಲ್ಲಿ ಅರ್ಥವಿಲ್ಲ.

ಬಹಳ ಜನ ಎಡವುವ ಒಂದು ಸಂಗತಿಯಿದೆ. ಇದೇ ಸಂಸ್ಥೆಗಳು ಕಾಂಟ್ರಾಕ್ಟರ್‌ಗಳಿಗೆ ಹಣ ಪಾವತಿಸುವ ಸೇವೆಯನ್ನೂ ಕೊಡುತ್ತವೆ. ‘ಡೀಲ್ ಮೂಲಕ ನೇಮಕ’ ಎಂದ ಮಾತ್ರಕ್ಕೆ ನೀವು ನೌಕರರಾಗುವುದಿಲ್ಲ; ಕರಾರುಪತ್ರದಲ್ಲಿ ಮಾಲೀಕ ಎಂದು ಯಾರ ಹೆಸರಿದೆ, ಪಿಎಫ್‌ನ ಉಲ್ಲೇಖವಿದೆಯೇ ಎಂದು ಓದಬೇಕು. ಸೇರಿದ ಮೇಲೆ ಪಿಎಫ್ ಪಾಸ್‌ಬುಕ್‌ನಲ್ಲಿ ಹಣ ಜಮೆಯಾಗುತ್ತಿದೆಯೇ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಟಿಡಿಎಸ್ ಕಾಣಿಸುತ್ತಿದೆಯೇ ಎಂದು ನೋಡುತ್ತಿರಬೇಕು. ಮಾಲೀಕ ಕಟ್ಟುತ್ತಿದ್ದಾನೆಯೇ ಎಂದು ಯಾರನ್ನೂ ಕೇಳದೆ ತಿಳಿಯಬಹುದಾದ ಈ ಅನುಕೂಲ ಬೇರೆ ವಿದೇಶಿ ದಾರಿಗಳಲ್ಲಿಲ್ಲ.

ಊರಿನ ಕಂಪನಿ, ವಿದೇಶದ ಗಿರಾಕಿ

ಗೋಕುಲ ರಸ್ತೆಯ ಇನ್ಫೋಸಿಸ್ ಆವರಣದಂಥ ದೊಡ್ಡದರಿಂದ ಹಿಡಿದು ಹತ್ತಿಪ್ಪತ್ತು ಜನರ ಸಣ್ಣ ತಂಡಗಳವರೆಗೆ, ಹೊರದೇಶದ ಗಿರಾಕಿಗಳಿಗೆ ಕೆಲಸ ಮಾಡಿಕೊಡುವ ಕಂಪನಿಗಳು ಹುಬ್ಬಳ್ಳಿಯಲ್ಲೇ ಇವೆ. ಸಂಬಳ ನೇರ ಒಪ್ಪಂದಕ್ಕಿಂತ ಬಹಳ ಕಡಿಮೆ. ಆದರೆ ಕಚೇರಿಗೆ ಹೋಗಿ ನೋಡಿ ಬರಬಹುದು, ಅಲ್ಲಿ ದುಡಿಯುತ್ತಿರುವ ಪರಿಚಿತರನ್ನು ಕೇಳಬಹುದು, ಸಂಬಳ ನಿಂತರೆ ಇಲ್ಲಿಯೇ ಕಾರ್ಮಿಕ ಇಲಾಖೆಗೆ ಹೋಗಬಹುದು. ವಿದೇಶಿ ಗಿರಾಕಿಯೊಡನೆ ಮಾತನಾಡುವ, ಬರೆಯುವ, ಗಡುವು ಪಾಲಿಸುವ ರೀತಿಯನ್ನು ಸಂಬಳ ಪಡೆಯುತ್ತಲೇ ಕಲಿಯಬಹುದು. ಇಲ್ಲಿಯೂ ಎರಡು ವಿಷಯಗಳಲ್ಲಿ ಗಟ್ಟಿಯಾಗಿರಬೇಕು: ಮೂಲ ಅಂಕಪಟ್ಟಿಗಳನ್ನು ಯಾರಿಗೂ ಒತ್ತೆಯಿಡಬಾರದು, ಮತ್ತು ಇಷ್ಟು ಕಾಲ ಕೆಲಸ ಬಿಡುವುದಿಲ್ಲವೆಂಬ ಬಾಂಡ್ ಇದ್ದರೆ ಅವಧಿ ಹಾಗೂ ಮೊತ್ತವನ್ನು ಓದದೆ ಸಹಿ ಹಾಕಬಾರದು.

ಅವರಿಗೂ ನಮ್ಮ ಮೇಲೆ ನಂಬಿಕೆ ಬರಬೇಕು

ಎದುರಿನವರ ಭಯವನ್ನು ತಿಳಿಯದಿದ್ದರೆ ಅವರ ಪ್ರಶ್ನೆಗಳು ನಮಗೆ ಅವಮಾನದಂತೆ ತೋರುತ್ತವೆ. 2024ರ ಜುಲೈನಲ್ಲಿ, ಸೈಬರ್ ಸುರಕ್ಷತೆಯನ್ನೇ ಕಲಿಸುವ ಅಮೆರಿಕದ ನೋಬಿಫೋರ್ ಎಂಬ ಕಂಪನಿ, ನಾಲ್ಕು ವಿಡಿಯೊ ಸಂದರ್ಶನಗಳ ನಂತರ ತಾನು ನೇಮಿಸಿಕೊಂಡಿದ್ದ ಎಂಜಿನಿಯರ್ ಕದ್ದ ಗುರುತಿನಲ್ಲಿ ಬಂದ ಉತ್ತರ ಕೊರಿಯಾದವನೆಂದು ಬಹಿರಂಗಪಡಿಸಿತು. 2025ರ ಜುಲೈನಲ್ಲಿ ಅರಿಜೋನಾದ ಮಹಿಳೆಯೊಬ್ಬರಿಗೆ ಎಂಟೂವರೆ ವರ್ಷ ಶಿಕ್ಷೆಯಾಯಿತು. ಉತ್ತರ ಕೊರಿಯಾದ ಕೆಲಸಗಾರರು ಅಮೆರಿಕದವರಂತೆ ಕಾಣಲೆಂದು ಅವರು ಮನೆಯಲ್ಲಿ ಲ್ಯಾಪ್‌ಟಾಪ್‌ಗಳನ್ನು ಸಾಲಾಗಿಟ್ಟು ನಡೆಸಿಕೊಟ್ಟಿದ್ದರು, ಮುನ್ನೂರಕ್ಕೂ ಹೆಚ್ಚು ಕಂಪನಿಗಳು ಮೋಸ ಹೋಗಿದ್ದವು. ಇಂಥ ಜಾಲಗಳಿಗೆ ಬೇಕಾಗುವುದು ನಿಜವಾದ ವ್ಯಕ್ತಿಯ ಖಾತೆ ಮತ್ತು ಗುರುತು. ನಿಮ್ಮ ಫ್ರೀಲಾನ್ಸ್ ಖಾತೆಯನ್ನೋ ಲಿಂಕ್ಡ್‌ಇನ್ ಖಾತೆಯನ್ನೋ ಬಾಡಿಗೆಗೆ ಕೇಳುವವರ ಹಿಂದೆ ಇಂಥವರೂ ಇರಬಹುದು.

ಹೀಗಾಗಿ ಸಂದರ್ಶಕರು ಕ್ಯಾಮೆರಾ ಆನ್ ಮಾಡಿ, ಕೈಯನ್ನು ಮುಖದ ಮುಂದೆ ಆಡಿಸಿ (ನಕಲಿ ಮುಖದ ವಿಡಿಯೊ ಅಲ್ಲವೆಂದು ತಿಳಿಯಲು), ಪರದೆ ಹಂಚಿಕೊಂಡು ಇಲ್ಲಿಯೇ ಬರೆಯಿರಿ ಎಂದರೆ ಸಹಕರಿಸಬೇಕು. ನಮ್ಮ ಭಾಗದವರಿಗೆ ವಿಶೇಷವಾಗಿ ಕಾಡುವುದು ಹೆಸರಿನ ತೊಡಕು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪ್ಯಾನ್‌ನಲ್ಲಿ ತಂದೆಯ ಹೆಸರು ನಡುವೆ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ನಮಗೆ ಇದು ಸಹಜ, ಹೊರಗಿನ ಪರಿಶೀಲನಾ ತಂತ್ರಾಂಶಕ್ಕೆ ಇದು ನಾಲ್ಕು ಬೇರೆ ಬೇರೆ ಮನುಷ್ಯರು. ಕೆಲಸ ಹುಡುಕುವ ಮುನ್ನವೇ ಪ್ಯಾನ್, ಆಧಾರ್, ಬ್ಯಾಂಕ್, ಪಾಸ್‌ಪೋರ್ಟ್‌ಗಳಲ್ಲಿ ಹೆಸರನ್ನು ಒಂದೇ ರೂಪಕ್ಕೆ ತಂದುಕೊಂಡರೆ ಮುಂದೆ ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ದಾಖಲೆಗಳನ್ನಾದರೂ ಸರದಿಯಲ್ಲಿ ಕೊಡಿ: ಸಂದರ್ಶನದ ಹಂತದಲ್ಲಿ ಯಾವುದೂ ಬೇಡ, ಕಂಪನಿಯ ಗುರುತು ಖಚಿತವಾಗಿ ಆಫರ್ ಬಂದ ಮೇಲೆ ಪ್ಯಾನ್ ಮತ್ತು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್. ಒಟಿಪಿಯನ್ನು ಯಾವ ಹಂತದಲ್ಲೂ ಕೊಡಬಾರದು. ವಿದ್ಯುತ್ ಹೋಗುತ್ತದೆ, ಇನ್ವರ್ಟರ್ ಮತ್ತು ಎರಡನೆಯ ಇಂಟರ್ನೆಟ್ ಸಂಪರ್ಕ ಇಟ್ಟುಕೊಂಡಿದ್ದೇನೆ ಎಂದು ಮೊದಲೇ ಹೇಳುವವರ ಮೇಲೆ, ಕರೆ ಕಡಿದುಹೋದ ಮೇಲೆ ಕಾರಣ ಹೇಳುವವರಿಗಿಂತ ಹೆಚ್ಚು ವಿಶ್ವಾಸ ಮೂಡುತ್ತದೆ.

ಯಾರಿಗೆ ಯಾವುದು

ಈಗಷ್ಟೇ ಪದವಿ ಮುಗಿಸಿ ಕೈಯಲ್ಲಿ ಉಳಿತಾಯವಿಲ್ಲದವರು ಒಂದೆರಡು ವರ್ಷ ಊರಿನ ಕಂಪನಿಯಲ್ಲಿ ದುಡಿದು, ಕಂಪನಿಯ ನಿಯಮ ಒಪ್ಪುವುದಾದರೆ ವಾರಾಂತ್ಯದಲ್ಲಿ ವೇದಿಕೆಯೊಂದರಲ್ಲಿ ಹೆಸರು ಕಟ್ಟಿಕೊಳ್ಳುವುದು ಒಳ್ಳೆಯದು. ದಿನಕ್ಕೆ ನಾಲ್ಕೈದು ಗಂಟೆಯಷ್ಟೇ ಬಿಡುವಿರುವ ಗೃಹಿಣಿಯರಿಗೆ, ಅನುವಾದ, ವಿನ್ಯಾಸ, ಲೆಕ್ಕ ಬರೆಯುವುದು ಮುಂತಾದ ಒಂದು ಕೌಶಲವಿದ್ದರೆ, ವೇದಿಕೆಯೇ ತಕ್ಕದ್ದು. ಹಗಲಿನ ಹೊತ್ತಿಗೆ ಹೊಂದುವ ಸಿಂಗಪುರ, ಆಸ್ಟ್ರೇಲಿಯಾದ ಗಿರಾಕಿಗಳನ್ನು ಹುಡುಕಬಹುದು. ಕೌಶಲವಿನ್ನೂ ಇಲ್ಲದಿದ್ದರೆ ಮೊದಲ ಆರು ತಿಂಗಳು ಕಲಿಕೆಗೇ ಮೀಸಲಾಗಲಿ, ಏಕೆಂದರೆ ಯಾವ ಕೌಶಲ ಬಾರದಿದ್ದರೂ ನಡೆಯುತ್ತದೆ ಎನ್ನುವ ಕೆಲಸಗಳೆಲ್ಲ ಮೇಲೆ ಹೇಳಿದ ಬಲೆಗಳೇ. ಗದಗಿನ ಲೆಕ್ಕಿಗರಿಗೆ ಬ್ರಿಟನ್, ಆಸ್ಟ್ರೇಲಿಯಾದ ಸಂಸ್ಥೆಗಳ ಹೊರಗುತ್ತಿಗೆ ಕೆಲಸ ಹೊಂದುತ್ತದೆ. ಅದನ್ನು ಭಾರತದ ಕಂಪನಿಯ ಮೂಲಕ ಆರಂಭಿಸುವುದು ಮೇಲು. ಐದಾರು ವರ್ಷದ ಅನುಭವವಿರುವವರು, ಮೂರು ತಿಂಗಳ ಮನೆಖರ್ಚನ್ನು ಬೇರೆಯಾಗಿ ಇಟ್ಟುಕೊಂಡಿದ್ದರೆ ನೇರ ಒಪ್ಪಂದಕ್ಕೆ ಇಳಿಯಬಹುದು. ಇಟ್ಟುಕೊಂಡಿಲ್ಲದಿದ್ದರೆ ಅಥವಾ ಸಾಲದ ಕಂತು ಕಟ್ಟುತ್ತಿದ್ದರೆ ಸಂಬಳ ಸ್ವಲ್ಪ ಕಡಿಮೆಯಾದರೂ ವೇತನಪಟ್ಟಿಯ ದಾರಿಯನ್ನು ಕೇಳಬೇಕು.

ಎರಡರ ನಡುವೆ ತೂಗುವಾಗ ಬರೀ ಅಂಕಿಗಳನ್ನು ಎದುರುಬದುರು ಇಡಬೇಡಿ. ನೇರ ಒಪ್ಪಂದದ ಮೊತ್ತದಿಂದ ಆರೋಗ್ಯ ವಿಮೆ, ನಿಮ್ಮದೇ ನಿವೃತ್ತಿ ಉಳಿತಾಯ, ಸಂಬಳವಿಲ್ಲದ ರಜೆಗಳು, ಹಣ ಬದಲಾಯಿಸುವ ವೆಚ್ಚ, ಲೆಕ್ಕ ಪರಿಶೋಧಕರ ಶುಲ್ಕ ಇವನ್ನು ಕಳೆದು, ವರ್ಷದಲ್ಲಿ ಒಂದು ತಿಂಗಳು ಕೆಲಸವಿಲ್ಲದೆ ಹೋಗಬಹುದೆಂದು ಲೆಕ್ಕ ಹಿಡಿದು ನೋಡಿ. ಅದಾದ ಮೇಲೂ ವೇತನಪಟ್ಟಿಯ ಸಂಬಳಕ್ಕಿಂತ ಸ್ಪಷ್ಟವಾಗಿ ಹೆಚ್ಚು ಉಳಿಯುವುದಾದರೆ ಒಪ್ಪಿಕೊಳ್ಳಬಹುದು. ಉಳಿಯುವುದು ಅಲ್ಪವಾದರೆ ಕಂಪನಿಗೆ ಆ ಲೆಕ್ಕವನ್ನೇ ತೋರಿಸಿ ದರ ಹೆಚ್ಚಿಸಲು, ಇಲ್ಲವೇ ಹದಿನೈದು ದಿನಕ್ಕೊಮ್ಮೆ ಪಾವತಿಸಲು ಕೇಳಿ, ಲಿಖಿತ ಉತ್ತರ ಬಂದ ಮೇಲೆ ಸಹಿ ಹಾಕಿ.